ಹರಳಿಗೆ ರಜೆ ಕೊಟ್ಟ ದಿನ

ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ನಾನು "ಅಂಟು ಹಚ್ಚುತ್ತೇನೆ" ಎನ್ನುತ್ತಿದ್ದೆ. ಅದು ಸುಳ್ಳಲ್ಲ. ನಾಶಿಕದ ಅಂಬಡ ಕಡೆಯ ಒಂದು ಸಣ್ಣ ಕಂಪನಿಯಲ್ಲಿ, ಸೂಕ್ಷ್ಮದರ್ಶಕದ ಕೆಳಗೆ, ಕೂದಲಿನಂಥ ಗಾಜಿನ ಎಳೆಯನ್ನು ಉಗುರಿನ ಚೂರಿನಷ್ಟಿರುವ ಹರಳಿಗೆ ಅಂಟಿಸುವುದು ನನ್ನ ಕೆಲಸವಾಗಿತ್ತು. ಕಲಬುರಗಿಯಲ್ಲಿ ಎಂ.ಎಸ್ಸಿ. ಭೌತಶಾಸ್ತ್ರ ಓದಿ ಕೊನೆಗೆ ಅಂಟು ಹಚ್ಚಲು ಹೋದೆಯಾ ಎಂದು ನಗುವ ನೆಂಟರಿದ್ದರು. ನಗಲಿ ಎಂದು ಬಿಟ್ಟಿದ್ದೆ. ಪೂರ್ತಿ ವಿವರಿಸಲು ಹೊರಟರೆ ಅರ್ಧಕ್ಕೇ ಆಕಳಿಸುತ್ತಿದ್ದವರೂ ಅವರೇ.

ಇಲ್ಲಿ ಮಾತ್ರ ಪೂರ್ತಿ ಹೇಳಲೇಬೇಕು. ಆ ಹರಳಿನ ಹೆಸರು ಲಿಥಿಯಂ ನಯೋಬೇಟ್. ಅದರಲ್ಲಿ ಬೆಳಕು ಹರಿಯುವ ಒಂದು ಸಣ್ಣ ಕಾಲುವೆ, ಕಾಲುವೆಯ ಎರಡೂ ದಂಡೆಗೆ ಬಂಗಾರದ ಗೆರೆ. ಆ ಗೆರೆಗಳಿಗೆ ವೋಲ್ಟೇಜ್ ಕೊಟ್ಟರೆ ಒಳಗಿನ ಬೆಳಕು ಹೆಚ್ಚುತ್ತದೆ, ತಗ್ಗುತ್ತದೆ. ವಿದ್ಯುತ್ತಿನ ಸುದ್ದಿಯನ್ನು ಹೀಗೆ ಬೆಳಕಿನ ಮೇಲೆ ಹೇರಿ ಕಳಿಸುವ ಸಾಧನಕ್ಕೆ ಮಾಡ್ಯುಲೇಟರ್ ಎನ್ನುತ್ತಾರೆ. ನಮ್ಮದು ಚಳಿಯಲ್ಲಿ ಕೆಲಸ ಮಾಡಬೇಕಾದ ಮಾಡ್ಯುಲೇಟರ್. ಚಳಿ ಎಂದರೆ ನಾಶಿಕದ ಡಿಸೆಂಬರಿನ ಚಳಿಯಲ್ಲ, ಉಸಿರಾಡುವ ಗಾಳಿಯೇ ಹೆಪ್ಪುಗಟ್ಟಿ ಕಲ್ಲಾಗುವ ಚಳಿ. ಹೊಸ ಬಗೆಯ ಕಂಪ್ಯೂಟರುಗಳ ಹೊಟ್ಟೆಯೊಳಗೆ ಅಷ್ಟು ಚಳಿ ಬೇಕಂತೆ. ಅಲ್ಲಿಂದ ಸುದ್ದಿ ಹೊರಗೆ ತರಲು ತಾಮ್ರದ ತಂತಿ ಹಾಕಿದರೆ ಆ ತಂತಿಯ ಗುಂಟ ಹೊರಗಿನ ಬಿಸಿ ಒಳಗಿಳಿಯುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ತಂದರೆ ಆ ಕಾಟ ಕಡಿಮೆ.

ಕೇಳಲು ಸುಲಭ. ಆದರೆ ಚಳಿಗೆ ಎಲ್ಲವೂ ಮುದುಡುತ್ತದೆ, ಮತ್ತು ಎಲ್ಲವೂ ಒಂದೇ ಸಮನಾಗಿ ಮುದುಡುವುದಿಲ್ಲ. ಹರಳು ಒಂದು ಲೆಕ್ಕಕ್ಕೆ, ಗಾಜು ಇನ್ನೊಂದು ಲೆಕ್ಕಕ್ಕೆ, ಅಂಟು ತನ್ನ ಮನಸ್ಸಿಗೆ ಬಂದ ಲೆಕ್ಕಕ್ಕೆ. ವಾರಗಟ್ಟಲೆ ಕೂತು ಅಂಟಿಸಿದ್ದು ಚಳಿಗೆ ಇಳಿಸಿದ ಕೂಡಲೇ ಟಕ್ಕೆಂದು ಕಿತ್ತುಬರುತ್ತಿತ್ತು. ಪರದೆಯ ಮೇಲೆ ಬೆಳಕಿನ ಗೆರೆ ಸುಮ್ಮನೆ ನೆಲಕ್ಕೆ ಬಿದ್ದುಬಿಡುತ್ತಿತ್ತು. ಪರದೇಶದಿಂದ ತರಿಸಿದ ಹರಳುಗಳು ಒಂದೊಂದಾಗಿ ಹೀಗೆ ಸತ್ತವು. ಅಂಟು ಎಲ್ಲಿ ತೆಳುವಾಗಿರಬೇಕು, ಎಲ್ಲಿ ಇರಲೇಬಾರದು ಎಂಬುದು ನನ್ನ ಬೆರಳಿಗೆ ತಿಳಿಯುವ ಹೊತ್ತಿಗೆ ಉಳಿದದ್ದು ಒಂದೇ ಹರಳು.

ಆ ಒಂದು ಹರಳಿನ ಮೇಲೆ ನನ್ನ ಸಂಸಾರ ನಿಂತಿತ್ತು. ಉತ್ಪ್ರೇಕ್ಷೆ ಎನ್ನಿಸಿದರೆ ಮುಂದೆ ಓದಿ.

ನನ್ನ ಗಂಡ ಬ್ಯಾಂಕಿನ ನೌಕರ, ಬೀದರ ಕಡೆಯವರು. ವರ್ಗಾವಣೆಯ ಮೇಲೆ ನಾಶಿಕಕ್ಕೆ ಬಂದಾಗ ನಾನೂ ಬಂದೆ, ಇಲ್ಲೇ ಈ ಕೆಲಸ ಸಿಕ್ಕಿತು. ಆಮೇಲೆ ಅವರಿಗೆ ಛತ್ರಪತಿ ಸಂಭಾಜಿನಗರಕ್ಕೆ ವರ್ಗವಾಯಿತು. ಬ್ಯಾಂಕಿನವರ ಮನೆಗಳಲ್ಲಿ ಇದಕ್ಕೊಂದು ಅಲಿಖಿತ ಕಾನೂನಿದೆ: ಪರೀಕ್ಷೆ ಮುಗಿದ ಮೇಲೆ ಮಕ್ಕಳ ಟಿ.ಸಿ., ಆಮೇಲೆ ಟೆಂಪೊ, ಹೆಂಡತಿಯ ನೌಕರಿ ಟೆಂಪೊದಲ್ಲಿ ಹಿಡಿಸದಿದ್ದರೆ ಅಲ್ಲೇ ಬಿಡುವುದು. ನಾನು ಬಿಡಲಿಲ್ಲ. ನಾಶಿಕದಲ್ಲಿ ಒಂದು ಕೋಣೆ ಹಿಡಿದು ಉಳಿದೆ. ಮಗಳು ಅಪ್ಪನ ಜೊತೆ ಹೋದಳು. ಅವಳನ್ನು ನೋಡಿಕೊಳ್ಳಲು ಅತ್ತೆ ಬೀದರದಿಂದ ಬಂದರು.

ವಾರದ ಕೊನೆಗೆ ನಾನು ಎಸ್.ಟಿ. ಬಸ್ಸು ಹತ್ತುತ್ತಿದ್ದೆ. ಯೇವಲಾ, ವೈಜಾಪುರ ದಾಟಿ ಮನೆ ಮುಟ್ಟುವಷ್ಟರಲ್ಲಿ ಮಗಳು ಅಜ್ಜಿಯ ಮಗ್ಗುಲಲ್ಲಿ ನಿದ್ದೆ ಹೋಗಿರುತ್ತಿದ್ದಳು. ಭಾನುವಾರ ಮುಂಜಾನೆ ನನ್ನ ಕಡೆ ನೋಡಿ, "ಮಮ್ಮಿ, ಕಧೀ ಜಾಣಾರ್?" ಎಂದು ಕೇಳುತ್ತಿದ್ದಳು. ಯಾವಾಗ ಹೋಗುತ್ತೀ ಅಂತ. ಯಾವಾಗ ಹೋಗುತ್ತೀ ಎಂದು ಕೇಳುವುದು ಬಂದ ನೆಂಟರನ್ನು. ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ. ಕನ್ನಡ ಅವಳಿಗೆ ಪೂರ್ತಿ ತಿಳಿಯುತ್ತಿತ್ತು, ಆಡುತ್ತಿದ್ದದ್ದು ಅಜ್ಜಿಯ ಜೊತೆ ಮಾತ್ರ.

ಅತ್ತೆಯ ಬಗ್ಗೆ ಒಂದು ಮಾತು. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ. ಮಗು ಬಿಟ್ಟು ಪರ ಊರಲ್ಲಿ ಕೂತವಳು ಎಂದು ಬೀದರದ ನೆಂಟರು ನನ್ನ ಮೇಲೆ ಉಗುಳಿದಾಗ ಅವರಿಗೆ ಎದುರು ನಿಂತದ್ದು ಇದೇ ಅತ್ತೆ. "ನಾ ಇದ್ದೀನಲ್ಲ, ನಿಮಗೇನು ಹೊಟ್ಟಿ ಉರಿ?" ಎಂದು ಫೋನಿನಲ್ಲಿ ಜಾಡಿಸಿದ್ದರು. ಹಣೆ ತುಂಬ ವಿಭೂತಿ, ಕೈ ಎಂದೂ ಖಾಲಿ ಇರದ ಹೆಂಗಸು. ಅವರ ಮಾವನ ಕಾಲದಿಂದ ಬೀದರದಲ್ಲಿ ಕಾಳಿನ ವ್ಯಾಪಾರ. ಮದುವೆಯಾಗಿ ಬಂದಾಗಿನಿಂದ ಅಂಗಡಿಯ ತಕ್ಕಡಿ ತೊಳೆದವರು, ಡಬ್ಬಿ ಒರೆಸಿದವರು. ಸುಮ್ಮನೆ ಕೂಡುವುದೆಂದರೆ ಅವರಿಗೆ ಜ್ವರ ಬಂದಂತೆ.

ಕಂಪನಿಯ ಸಾಹೇಬರು ನಾಶಿಕದವರೇ, ಮರಾಠಿ ಮನುಷ್ಯ, ಅಪ್ಪನ ಲೇಥ್ ಕಾರ್ಖಾನೆಯಲ್ಲಿ ಬೆಳೆದು ಆಮೇಲೆ ಇಂಜಿನಿಯರಾದವರು. ಒಳ್ಳೆಯವರು. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ, ನನಗೆ ನುಂಗಲಾಗದ ಸಂಗತಿಯೂ ಅದೇ. ಒಂದು ದಿನ ಅವರು ನನ್ನನ್ನು ಕರೆದು ಹೇಳಿದರು: ಬೇರೆ ಊರಿನ ಒಂದು ಸಂಶೋಧನಾ ಕೇಂದ್ರದವರು ಚಳಿಯ ಮಾಡ್ಯುಲೇಟರ್ ಬೇಕೆಂದಿದ್ದಾರೆ, ದಸರೆ ಮುಗಿದ ಮೇಲೆ ಬಂದು ಕಣ್ಣಾರೆ ನೋಡುತ್ತಾರೆ, ಒಪ್ಪಿದರೆ ದೊಡ್ಡ ಆರ್ಡರು. "ಆಗ ಬಿಡಕಿನ್‌ನಲ್ಲಿ ಒಂದು ಶೆಡ್ ತಗೋತೀನಿ ಮ್ಯಾಡಮ್. ಜೋಡಣೆಯ ಕೆಲಸ ಪೂರ್ತಿ ಅಲ್ಲಿಗೆ. ನೀವೇ ನೋಡಿಕೊಳ್ಳಬೇಕು."

ಬಿಡಕಿನ್ ನಮ್ಮ ಸಂಭಾಜಿನಗರದ ಮನೆಯಿಂದ ದಿನಾ ಹೋಗಿ ಬರುವಷ್ಟು ದೂರ. ಅಂದರೆ ಸಂಜೆ ಮನೆಗೆ ಬಂದು ಮಗಳ ತಲೆ ಬಾಚುವಷ್ಟು ದೂರ. ಸಾಹೇಬರ ಕ್ಯಾಬಿನ್ನಿನಿಂದ ಹೊರಬಂದು ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಮುಂದಿನ ಭಾನುವಾರ ನಾವು ನಾಲ್ವರೂ ರಿಕ್ಷಾ ಮಾಡಿಕೊಂಡು ಬಿಡಕಿನ್ ನೋಡಲು ಹೋದೆವು. ನೋಡಲು ಅಲ್ಲಿ ಇನ್ನೂ ಹೆಚ್ಚೇನೂ ಇರಲಿಲ್ಲ. ಅಗಲವಾದ ರಸ್ತೆಗಳು, ಸಾಲು ದೀಪದ ಕಂಬಗಳು, ದೂರದಲ್ಲಿ ಏಳುತ್ತಿರುವ ಒಂದೆರಡು ಕಾರ್ಖಾನೆ, ನಡುವೆ ಕುಸುಬಿ ಬೆಳೆಯುತ್ತಿದ್ದ ಕರಿ ಮಣ್ಣು. ಖಾಲಿ ರಸ್ತೆಯ ಮೇಲೆ ಮಗಳು ಓಡಿದಳು. ಅತ್ತೆ ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿ ಪಲ್ಯ ಹಂಚುತ್ತ ಸುತ್ತ ನೋಡಿದರು.

"ಇಲ್ಲೇ ಬರ್ತದೇನು ನಿನ್ನ ಹಂಡೆ?" ಎಂದರು. ನಮ್ಮ ಕ್ರಯೋಸ್ಟ್ಯಾಟನ್ನು, ಅಂದರೆ ಹರಳನ್ನು ಚಳಿಗಿಳಿಸುವ ಯಂತ್ರವನ್ನು, ಅವರು ಫೋಟೊದಲ್ಲಿ ನೋಡಿ ಹಂಡೆ ಎಂದು ಹೆಸರಿಟ್ಟಿದ್ದರು. ತಪ್ಪೇನಿಲ್ಲ, ನೋಡಲು ಸ್ಟೀಲಿನ ಹಂಡೆಯೇ.

"ಬರಬಹುದು ರೀ ಅತ್ತಿ. ಹರಳು ಪಾಸಾದ್ರ."

"ಆಗ್ತದ. ಯಾಕಾಗಲ್ಲ? ನೀ ಬಂದ ಮ್ಯಾಲೆ ನಾ ಬೀದರಕ್ಕ ಹೋಗ್ತೀನಿ ಅಂತ ತಿಳೀಬ್ಯಾಡ ಮತ್ತ. ಇಲ್ಲೇ ಇರ್ತೀನಿ, ನಿಮ್ಮ ಮಡಿಲಾಗೇ." ನಾವೆಲ್ಲ ನಕ್ಕೆವು. ನನ್ನ ಗಂಡ ಅಪರೂಪಕ್ಕೆ ನಗುವವರು, ಅವರೂ ನಕ್ಕರು.

ಹರಳು ಪಾಸಾಯಿತು ಕೂಡ. ದಸರೆಗೆ ಮುಂಚೆ ಚಳಿಗಿಳಿಸಿದೆವು. ಕಂಪ್ರೆಸರು ಚುಂಯ್, ಚುಂಯ್ ಎಂದು ಒಂದೇ ಲಯದಲ್ಲಿ ಕೂಗುತ್ತಿತ್ತು, ತಾಪಮಾನ ಇಳಿಯುತ್ತ ಹೋಯಿತು, ನಾನು ಪರದೆಯ ಮೇಲಿನ ಬೆಳಕಿನ ಗೆರೆಯನ್ನೇ ನೋಡುತ್ತ ಕೂತಿದ್ದೆ. ಗೆರೆ ಸ್ವಲ್ಪ ಬಾಗಿತು, ನಿಂತಿತು. ತಳ ಮುಟ್ಟಿದ ಮೇಲೂ ನಿಂತಿತ್ತು. ವೋಲ್ಟೇಜ್ ಕೊಟ್ಟೆ. ಬೆಳಕು ಏರಿತು, ಇಳಿಯಿತು, ಮತ್ತೆ ಏರಿತು. ಹಿಂದೆ ನಿಂತಿದ್ದ ಸಾಹೇಬರು ಬಾಗಿಲ ಹೊರಗೆ ಹೋಗಿ ಪೇಢೆ ತಂದರು.

ಈ ಹರಳಿಗೆ ಒಂದು ದುರ್ಗುಣವಿದೆ. ಬಿಸಿಯಾಗುವಾಗಲೂ ತಣ್ಣಗಾಗುವಾಗಲೂ ಅದು ಯಾರೂ ಕೊಡದೆ ತಾನೇ ವಿದ್ಯುತ್ತು ಹುಟ್ಟಿಸಿ ಮೈಮೇಲೆ ಕೂಡಿಸಿಕೊಳ್ಳುತ್ತದೆ. ಅದು ಹರಿದುಹೋಗಲು ದಾರಿ ಬೇಕು. ಅದಕ್ಕಾಗಿ ಹಂಡೆಯ ಮೇಲ್ಭಾಗದಲ್ಲಿ, ಒಳಗಿನ ತಂತಿಗಳು ಹೊರಬಂದು ಮುಗಿಯುವಲ್ಲಿ, ಸಣ್ಣ ಹಿತ್ತಾಳೆಯ ಟೋಪಿಗಳನ್ನು ತಿರುಗಿಸಿ ಬಿಗಿಯುತ್ತಿದ್ದೆವು. ಟೋಪಿ ಇದ್ದರೆ ಹರಳಿನ ಎರಡೂ ಬಂಗಾರದ ಗೆರೆಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ, ವಿದ್ಯುತ್ತು ಸದ್ದಿಲ್ಲದೆ ಹರಿದುಹೋಗುತ್ತದೆ. ಟೋಪಿ ಇಲ್ಲದಿದ್ದರೆ ಅದು ಏರುತ್ತ ಏರುತ್ತ ಹೋಗಿ ಗೆರೆಯಿಂದ ಗೆರೆಗೆ ಕಿಡಿಯಾಗಿ ಹಾರುತ್ತದೆ. ಬಂದ ಹೊಸಬರಿಗೆ ನಾನು ಮೊದಲು ಹೇಳುತ್ತಿದ್ದ ಪಾಠ ಇದು.

ಖಂಡೇನವಮಿ ಬಂತು. ನಮ್ಮ ಕಡೆ ಆಯುಧ ಪೂಜೆ ಎನ್ನುವುದನ್ನು ಇಲ್ಲಿ ಹೀಗೆ ಕರೆಯುತ್ತಾರೆ. ಅಂಬಡದ ಓಣಿ ಓಣಿಗಳಲ್ಲಿ ಆ ದಿನ ಯಂತ್ರ ನಿಲ್ಲಿಸಿ, ತೊಳೆದು, ಚೆಂಡು ಹೂವಿನ ಮಾಲೆ ಹಾಕುತ್ತಾರೆ. ಸಾಹೇಬರು ಕಂಪ್ರೆಸರನ್ನೂ ನಿಲ್ಲಿಸೋಣ ಎಂದರು. ನಾನು ಬೇಡವೆಂದೆ. ನೋಡುವವರು ಬರುವತನಕ ಚಳಿಯಲ್ಲೇ ಇರಲಿ, ಸುಮ್ಮನೆ ಯಾಕೆ ಮೇಲೇರಿಸಿ ಮತ್ತೆ ಇಳಿಸುವುದು ಎಂದು ವಾದಿಸಿದೆ.

"ಮ್ಯಾಡಮ್, ನಮ್ಮ ಅಪ್ಪ ಈ ದಿನ ಒಂದು ಡ್ರಿಲ್ ಕೂಡ ತಿರುಗಿಸಲು ಬಿಡುತ್ತಿರಲಿಲ್ಲ. ಪೂಜೆಯ ದಿನ ಯಂತ್ರ ದುಡಿದರೆ ನನ್ನ ಮನಸ್ಸಿಗೆ ಸಮಾಧಾನ ಇರೋದಿಲ್ಲ. ಟೋಪಿ ಹಾಕಿದ್ದೀರಲ್ಲ? ನಿಧಾನಕ್ಕೆ ಬೆಚ್ಚಗಾಗುತ್ತದೆ. ಎಷ್ಟು ಸಲ ಮಾಡಿಲ್ಲ ನಾವು?"

ಅದೂ ನಿಜವೇ. ಹಿಂದೆ ಹಲವು ಸಲ ಮಾಡಿದ್ದೆವು, ಏನೂ ಆಗಿರಲಿಲ್ಲ. ಪೂಜೆಯ ಮುಂಜಾನೆ ನಾನೇ ಪ್ರತಿ ಟೋಪಿಯನ್ನೂ ಬೆರಳಿನಿಂದ ತಿರುಗಿಸಿ ನೋಡಿ, ಬಿಗಿಯಾಗಿವೆ ಎಂದು ಖಾತ್ರಿ ಮಾಡಿಕೊಂಡು ಕಂಪ್ರೆಸರು ಆರಿಸಿದೆ. ಆ ಚುಂಯ್ ಚುಂಯ್ ನಿಂತಾಗ ಕೋಣೆ ಇದ್ದಕ್ಕಿದ್ದಂತೆ ದೊಡ್ಡದಾಯಿತು.

ಸಾಹೇಬರು ಎಲ್ಲರ ಮನೆಯವರನ್ನೂ ಪೂಜೆಗೆ ಕರೆದಿದ್ದರು. ಗಂಡನಿಗೆ ಬ್ಯಾಂಕಿನ ಕೆಲಸವಿತ್ತು. ಅತ್ತೆ ಮಗಳನ್ನು ಕರೆದುಕೊಂಡು ಹಿಂದಿನ ದಿನವೇ ನಾಶಿಕಕ್ಕೆ ಬಂದಿದ್ದರು. ಕಂಪನಿಗೆ ಕಾಲಿಟ್ಟ ಕೂಡಲೇ ಸೆರಗು ಸೊಂಟಕ್ಕೆ ಸಿಗಿಸಿ, "ನನಗೂ ಏನರ ಕೆಲಸ ಕೊಡ್ರಿ" ಎಂದು ಸಾಹೇಬರನ್ನು ಮರಾಠಿಯಲ್ಲಿ ಕೇಳಿದರು. ಬೀದರದವರಿಗೆ ಮರಾಠಿ ಪರಭಾಷೆಯಲ್ಲ. ಸಾಹೇಬರು ನಕ್ಕು, ಆಜಿ, ಆ ಹಂಡೆಯನ್ನು ಹೊರಗಿನಿಂದ ಒರೆಸಿರಿ ಎಂದರು. ಅದರಲ್ಲಿ ಅಪಾಯವೇನೂ ಇರಲಿಲ್ಲ. ಹೊರಗಿನಿಂದ ಎಲ್ಲರೂ ಒರೆಸುತ್ತಿದ್ದರು.

ನಾನು ಹೆದರಿದ್ದು ವಿಭೂತಿ, ಕುಂಕುಮಕ್ಕೆ. ಆ ಹುಡಿ ಸೂಕ್ಷ್ಮದರ್ಶಕದ ಮೇಲೆ ಬಿದ್ದರೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಹೀಗಾಗಿ ಅಂಟು ಹಚ್ಚುವ ಮೇಜಿಗೆ ಪ್ಲಾಸ್ಟಿಕ್ ಹೊದಿಸಿ ಅಲ್ಲೇ ಕಾವಲು ನಿಂತೆ. ಅಷ್ಟರಲ್ಲಿ ಮಗಳು ಕಾಣಲಿಲ್ಲ. ಹುಡುಕುತ್ತ ಹೊರಗೆ ಹೋದರೆ ಪಕ್ಕದ ಕಾರ್ಖಾನೆಯ ಪೂಜೆಯಲ್ಲಿ ಕೂತು ಪೇಢೆ ತಿನ್ನುತ್ತಿದ್ದಳು. ಅವರು ಚಹಾ ಕುಡಿಸದೆ ಬಿಡಲಿಲ್ಲ. ಹಬ್ಬದ ದಿನ ಒಲ್ಲೆನೆನ್ನಲು ಬರುತ್ತದೆಯೇ?

ತಿರುಗಿ ಬಂದಾಗ ಆರತಿಗೆ ಎಲ್ಲರೂ ಸೇರಿದ್ದರು. ಹಂಡೆಗೆ ಮಾಲೆ ಬಿದ್ದಿತ್ತು. ಅದರ ಮುಂದಿನ ಸ್ಟೂಲಿನ ಮೇಲೆ ಹಿತ್ತಾಳೆಯ ತಟ್ಟೆ, ತಟ್ಟೆಯಲ್ಲಿ ಹೂವು, ಎಲೆ ಅಡಿಕೆ, ಬನ್ನಿ ಎಲೆ. ಅವುಗಳ ನಡುವೆ ಸಾಲಾಗಿ ಇಟ್ಟ ಟೋಪಿಗಳು, ತೊಳೆದು ಥಳಥಳಿಸುತ್ತಿದ್ದವು, ಪ್ರತಿಯೊಂದರ ನೆತ್ತಿಗೂ ಒಂದು ಬೊಟ್ಟು ವಿಭೂತಿ.

ನನ್ನ ಕೈಯೊಳಗಿನ ಮಗಳ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದೆನೋ, ಅವಳು ಕೂಗಿದಳು.

ಅತ್ತೆ ಹೆಮ್ಮೆಯಿಂದ ನನ್ನ ಕಡೆ ತಿರುಗಿದರು. "ನೋಡವ್ವಾ, ಎಷ್ಟು ಕರ್ರಗಾಗಿದ್ವು. ಹುಣಸಿಹಣ್ಣು ಹಚ್ಚಿ ತಿಕ್ಕೀನಿ. ಈಗ ನೋಡು, ಬಂಗಾರ!"

"ಯಾಕ ಬಿಚ್ಚಿದ್ರಿ ಅತ್ತಿ?" ಎಂದೆ.

"ಬಿಚ್ಚದೇ? ಇವತ್ತಿನ ದಿನ ಯಾವ ಆಯುಧಕ್ಕೂ ಮುಚ್ಚಳ ಇರಬಾರದು. ಮುಚ್ಚಿದ್ದಕ್ಕ ಪೂಜಿ ಹ್ಯಾಂಗ ಮುಟ್ತದ? ನಮ್ಮ ಅಂಗಡಿಯಾಗ ಒಂದು ಡಬ್ಬಿ ಸುದ್ದಾ ಮುಚ್ಚಿಡ್ತಿದ್ದಿಲ್ಲ."

ಅದು ಅವರ ಮನೆಯ ಪದ್ಧತಿ. ಮದುವೆಯಾದ ಮೊದಲ ವರ್ಷ ನಾನೇ ನೋಡಿದ್ದೆ: ಆಯುಧ ಪೂಜೆಯ ದಿನ ಬೀದರದ ಅಂಗಡಿಯಲ್ಲಿ ತಕ್ಕಡಿಯ ಪರಡಿಗಳನ್ನು ಸರಪಳಿಯಿಂದ ಬಿಚ್ಚಿ ಇಡುತ್ತಿದ್ದರು, ಕಾಳಿನ ಡಬ್ಬಿಗಳೆಲ್ಲ ಬಾಯಿ ತೆರೆದು ಕೂತಿರುತ್ತಿದ್ದವು, ಬೀಗಗಳು ಕೂಡ ತೆರೆದೇ ಇರುತ್ತಿದ್ದವು. ಹಂಡೆಯ ಮೇಲಿನ ಟೋಪಿಗಳೂ ಅವರ ಕಣ್ಣಿಗೆ ಮುಚ್ಚಳಗಳೇ. ಅವು ಮುಚ್ಚಳಗಳಲ್ಲ, ದಾರಿಗಳು ಎಂದು ಅವರಿಗೆ ಹೇಳಿದವರು ಯಾರು?

"ಎಷ್ಟೊತ್ತಾಯ್ತು ಬಿಚ್ಚಿ?"

"ಆಗಳೇ. ನೀ ಪೋರಿನ ಹುಡುಕಲಾಕ ಹೋದ್ಯಲ್ಲ, ಆಗ."

ಆರತಿ ಶುರುವಾಯಿತು. ಎಲ್ಲರೂ ಚಪ್ಪಾಳೆ ತಟ್ಟುತ್ತ ಹಾಡುತ್ತಿದ್ದರು. ಹಂಡೆಯ ಪಕ್ಕದ ಪುಟ್ಟ ಪರದೆಯಲ್ಲಿ ತಾಪಮಾನದ ಅಂಕಿ ನಿಧಾನವಾಗಿ ಮೇಲೇರುತ್ತಿತ್ತು. ಒಳಗೆ ಕತ್ತಲಲ್ಲಿ, ಗಾಳಿಯೂ ಇಲ್ಲದಲ್ಲಿ, ಹರಳು ಬೆಚ್ಚಗಾಗುತ್ತ ವಿದ್ಯುತ್ತು ಕೂಡಿಸಿಕೊಳ್ಳುತ್ತಿತ್ತು, ಅಥವಾ ಅದಾಗಲೇ ಕಿಡಿ ಹಾರಿ ಮುಗಿದಿತ್ತು. ಹೊರಗೆ ಏನೂ ಕಾಣುವುದಿಲ್ಲ, ಏನೂ ಕೇಳಿಸುವುದಿಲ್ಲ. ಈಗ ಟೋಪಿ ತೊಡಿಸಹೋದರೆ ಕೂಡಿದ್ದೆಲ್ಲ ಒಮ್ಮೆಲೇ ಹರಿದು ಅದೇ ಕಿಡಿಯಾಗಬಹುದಿತ್ತು. ನಾನೂ ಚಪ್ಪಾಳೆ ತಟ್ಟಿದೆ. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದರು. ಅವರು ಏನು ಬೇಡಿಕೊಳ್ಳುತ್ತಿದ್ದರು ಎಂದು ನನಗೆ ಗೊತ್ತಿತ್ತು.

ಪ್ರಸಾದ ಹಂಚಿದ ಮೇಲೆ ಸಾಹೇಬರನ್ನು ಪಕ್ಕಕ್ಕೆ ಕರೆದು ಹೇಳಿದೆ. ಅವರು ತಟ್ಟೆಯ ಕಡೆ ನೋಡಿದರು, ಅತ್ತೆಯ ಕಡೆ ನೋಡಿದರು, ತೆಂಗಿನ ಚೂರು ಹಿಡಿದ ಕೈಯನ್ನು ಕೆಳಗಿಳಿಸಿದರು. "ಬಘೂ" ಎಂದರು. ನೋಡೋಣ ಅಂತ. ಅತ್ತೆಗೆ ಏನೂ ಹೇಳಬೇಡಿ ಎಂದು ನಾನು ಕೇಳಿಕೊಂಡೆ. ಅವರು ತಲೆಯಾಡಿಸಿದರು, ಅದು ಹೂಂ ಎಂದೇ ನಾನು ತಿಳಿದೆ.

ದಸರೆ ಕಳೆದು ಮತ್ತೆ ಚಳಿಗಿಳಿಸಿದೆವು. ಬೆಳಕಿನ ಗೆರೆ ಗಟ್ಟಿಯಾಗಿ ನಿಂತಿತ್ತು. ನನ್ನ ಅಂಟು ಬಿಟ್ಟಿರಲಿಲ್ಲ! ಒಂದು ಕ್ಷಣ ದೇವರು ದೊಡ್ಡವನು ಎನ್ನಿಸಿತು. ಆಮೇಲೆ ವೋಲ್ಟೇಜ್ ಕೊಟ್ಟೆ. ಗೆರೆ ಅಲುಗಲಿಲ್ಲ. ಹೆಚ್ಚಿಸಿದೆ. ಅಲುಗಲಿಲ್ಲ. ಬೆಳಕು ಸುಮ್ಮನೆ ಹರಿದುಹೋಗುತ್ತಿತ್ತು, ಹೇಳಿದ ಯಾವ ಮಾತೂ ಅದಕ್ಕೆ ತಾಗುತ್ತಿರಲಿಲ್ಲ. ಕೊನೆಗೆ ಬೆಚ್ಚಗಾಗಿಸಿ, ಹಂಡೆ ಬಿಚ್ಚಿ, ಹರಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆವು. ಬಂಗಾರದ ಗೆರೆಯ ನಡುವೆ ಒಗ್ಗರಣೆಯಲ್ಲಿ ಸೀದ ಸಾಸಿವೆಯಂಥ ಒಂದು ಕಪ್ಪು ಚುಕ್ಕೆ, ಅದರಾಚೆ ಗೆರೆ ಇರಲಿಲ್ಲ. ಸಾಹೇಬರು ನೋಡಿ, ಕಣ್ಣು ತೆಗೆದು, ಕನ್ನಡಕ ಒರೆಸಿಕೊಂಡರು. ನಾನು ಮತ್ತೆ ನೋಡಿದೆ. ಎಷ್ಟು ಸಲ ನೋಡಿದರೂ ಅಷ್ಟೇ ಇತ್ತು.

ನೋಡಲು ಬಂದವರು ಸಭ್ಯರು. ಚಹಾ ಕುಡಿದರು, ಹಿಂದಿನ ಫಲಿತಾಂಶದ ಗೆರೆಗಳನ್ನು ನೋಡಿ ಚೆನ್ನಾಗಿದೆ ಎಂದರು, ಆದರೆ ಕೆಲಸ ಮಾಡುವ ಹರಳನ್ನು ನೋಡದೆ ಏನೂ ಹೇಳಲಾಗುವುದಿಲ್ಲ ಎಂದರು. ಹೊಸ ಹರಳು ಬರುವಷ್ಟು ಕಾಲ ಅವರು ಕಾಯುವಂತಿರಲಿಲ್ಲ. ಆರ್ಡರು ಬೇರೆ ಯಾರಿಗೋ ಹೋಯಿತು. ಬಿಡಕಿನ್ ಶೆಡ್ಡಿನ ಮಾತನ್ನು ಸಾಹೇಬರು ಎತ್ತಲಿಲ್ಲ, ನಾನೂ ಕೇಳಲಿಲ್ಲ. ನಾಶಿಕದಲ್ಲಿ ಬೇರೆ ಅಂಟಿಸುವ ಕೆಲಸಗಳಿವೆ, ನೀವು ಇರಿ ಎಂದರು.

ಮನೆಯಲ್ಲಿ ಗಂಡನಿಗೆ ಎಲ್ಲ ಹೇಳಿದೆ. ಅವರು "ಅವ್ವಗ ಹೇಳಬ್ಯಾಡ" ಎಂದರು.

"ಹೇಳಲ್ಲ ರೀ."

"ತಡಕೊಳ್ಳೋದಿಲ್ಲ ಆಕಿ."

ನನಗೂ ಹೇಳುವ ಮನಸ್ಸಿರಲಿಲ್ಲ. ಆದರೆ ಅತ್ತೆಯ ಮೇಲೆ ಸಿಟ್ಟಿತ್ತು, ಅದನ್ನು ಬಚ್ಚಿಟ್ಟು ಬರೆದರೆ ಈ ಬರಹ ಸುಳ್ಳಾಗುತ್ತದೆ. ಅತ್ತೆ ಪಕ್ಕದ ಮನೆಯವರಿಗೆ "ನಮ್ಮ ಸೊಸಿದು ಫ್ಯಾಕ್ಟರಿ ಬರ್ಲತ್ತದ ಬಿಡಕಿನ್‌ದಾಗ, ನಾನೇ ಪೂಜಿ ಮಾಡಿ ಬಂದೀನಿ" ಎಂದು ಹೇಳುವಾಗ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಆರ್ಡರು ಸ್ವಲ್ಪ ಮುಂದೆ ಹೋಗಿದೆ ಎಂದಷ್ಟೇ ಅವರಿಗೆ ತಿಳಿಸಿದ್ದೆವು.

ದೀಪಾವಳಿಗೆ ನಾನು ಸಂಭಾಜಿನಗರದಲ್ಲಿದ್ದೆ. ಹಬ್ಬ ಮುಗಿದ ಮರುದಿನ ಸಾಹೇಬರು ಬಂದರು. ಬಿಡಕಿನ್ ಜಾಗಕ್ಕೆ ಹಾಕಿದ್ದ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಆ ಕಡೆ ಬಂದಿದ್ದರಂತೆ, ಬಂದವರು ಮನೆಗೂ ಬಂದರು, ಮಿಠಾಯಿ ಡಬ್ಬಿ ತಂದಿದ್ದರು. ಅತ್ತೆ ಚಕ್ಕುಲಿ, ಕರ್ಚಿಕಾಯಿ ತಟ್ಟೆ ತುಂಬಿ ಮುಂದಿಟ್ಟರು. ನಾನು ಚಹಾ ಸೋಸುತ್ತಿದ್ದೆ. ಸಾಹೇಬರು ತಟ್ಟೆ ತೆಗೆದುಕೊಳ್ಳುತ್ತ ಅತ್ತೆಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದರು.

"ಆಜಿ, ಮನಾಲಾ ಲಾವೂನ ಘೇವು ನಕಾ" ಎಂದರು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. "ನೀವು ಭಕ್ತಿಯಿಂದ ಬಿಚ್ಚಿದಿರಿ. ಒಂದು ಹರಳು ಹೋಯಿತು, ಇನ್ನೊಂದು ಬರುತ್ತದೆ. ಬಿಡಕಿನ್ ಇವತ್ತಲ್ಲ ನಾಳೆ ಆಗುತ್ತದೆ."

ಅತ್ತೆಗೆ ಎಲ್ಲ ಗೊತ್ತಿದೆ ಎಂದುಕೊಂಡಿದ್ದರು ಪುಣ್ಯಾತ್ಮರು. ಹೆತ್ತ ಮಗ, ಮನೆಯ ಸೊಸೆ ಇಷ್ಟು ದಿನ ಹೇಳದೆ ಇರುತ್ತಾರೆಯೇ ಎಂದುಕೊಂಡಿದ್ದರು. ಸಮಾಧಾನ ಹೇಳಲೆಂದೇ ಬಂದಿದ್ದರು. ಅಂಥ ಒಳ್ಳೆಯತನಕ್ಕೆ ಬೆಂಕಿ ಹಚ್ಚಬೇಕು ಎಂದು ನನಗೆ ಅವತ್ತು ಅನ್ನಿಸಿತು, ಇವತ್ತೂ ಅನ್ನಿಸುತ್ತದೆ.

ಸಾಹೇಬರು ಹೋಗುವತನಕ ಅತ್ತೆ ನಗುತ್ತಲೇ ಇದ್ದರು, ಮತ್ತೊಂದು ಚಕ್ಕುಲಿ ಹಾಕಿದರು. ಬಾಗಿಲು ಮುಚ್ಚಿದ ಮೇಲೆ ನನ್ನ ಕಡೆ ತಿರುಗಿದರು.

"ಯಾವುದು ಹೋಯ್ತು?"

ನಾನು ಹೇಳಿದೆ. ಟೋಪಿ, ವಿದ್ಯುತ್ತು, ಕಿಡಿ, ಆರ್ಡರು. ಎಷ್ಟು ಮೆತ್ತಗೆ ಹೇಳಲು ಸಾಧ್ಯವೋ ಅಷ್ಟು ಮೆತ್ತಗೆ. ಅವರು ಗೋಡೆಗೆ ಒರಗಿ ಕೂತು ಕೇಳಿದರು.

"ಅಂದ್ರ ನೀ ಇಲ್ಲಿಗಿ ಬರೋದು ನನ್ನ ಕೈಲಿ ತಪ್ಪಿತು."

"ಹಂಗಲ್ಲ ರೀ ಅತ್ತಿ. ನಿಮಗೇನು ಗೊತ್ತಿತ್ತು?"

"ಗೊತ್ತಿಲ್ಲದ್ದಕ್ಕ ಕೈ ಹಚ್ಚಬಾರದಿತ್ತು." ಇಷ್ಟೇ ಅಂದರು. ಅಳಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು, ನಾನೂ ಜೊತೆಗೆ ಅತ್ತು ಮುಗಿಸುತ್ತಿದ್ದೆ.

ಅವತ್ತಿನಿಂದ ಅವರು ಬದಲಾದರು. ಮೊದಲು ನಮಗೆ ತಿಳಿಯಲಿಲ್ಲ. ಗಂಡ ಬ್ಯಾಂಕಿಗೆ ಹೊರಡುವಾಗ ಡಬ್ಬಿ ಕಟ್ಟುವ ಮುಂಚೆ "ಇದು ಹಾಕಲೇನು?" ಎಂದು ಕೇಳತೊಡಗಿದರು. ಫ್ರಿಜ್ಜಿನ ಬಾಗಿಲು ತೆಗೆಯಲು ಕೇಳಿದರು. ಮಗಳ ಶಾಲೆಯ ಚೀಲದ ಹತ್ತಿರ ಹೋಗುವುದನ್ನೇ ಬಿಟ್ಟರು. ಅವಳ ಜಡೆ ಹೆಣೆಯಲು ಹಿಂಜರಿದು, ನೀನೇ ಹೆಣಕೊಳ್ಳಲಾಕ ಕಲಿ ಎಂದರು. ಫೋನಿನಲ್ಲಿ ಗಂಡ ಇದನ್ನೆಲ್ಲ ಹೇಳುವಾಗ ನಾನು ನಾಶಿಕದಲ್ಲಿ ಮೇಜಿನ ಮುಂದೆ ಕೂತಿರುತ್ತಿದ್ದೆ, ಕೆಲಸ ಮುಂದೆ ಸಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಅತ್ತೆ ಹಾಲು ಉಕ್ಕುತ್ತಿದ್ದರೂ ಒಲೆ ಆರಿಸದೆ, ಆ ಗುಂಡಿಯನ್ನು ತಿರುಗಿಸಬೇಕೋ ಬೇಡವೋ ಎಂದು ನೋಡುತ್ತ ನಿಂತಿದ್ದರಂತೆ. ಹಾಲು ಉಕ್ಕಿ ಉರಿ ಆರಿ, ಗ್ಯಾಸು ಮನೆಯೆಲ್ಲ ತುಂಬಿತ್ತು. ಮಗಳು ಶಾಲೆಯಿಂದ ಬಂದು ಕಿಟಕಿ ತೆರೆದಳು.

ಅದನ್ನು ಕೇಳಿದ ಮರುದಿನವೇ ನಾನು ನೌಕರಿ ಬಿಟ್ಟೆ. ಸಾಹೇಬರು ತಡೆಯಲಿಲ್ಲ. ಕೋಣೆ ಖಾಲಿ ಮಾಡಿ, ಸಾಮಾನು ಟೆಂಪೊಗೆ ಹೇರಿ ಸಂಭಾಜಿನಗರಕ್ಕೆ ಬಂದೆ. ನಾಲ್ವರೂ ಒಂದೇ ಸೂರಿನ ಕೆಳಗೆ. ಇದೇ ಬೇಕಿತ್ತಲ್ಲವೇ? ಬಿಡಕಿನ್ನಿಗೆ ಹೋಗದೆಯೂ ಸಿಕ್ಕಿತಲ್ಲ ಎಂದು ನನ್ನನ್ನೇ ನಾನು ಚು‍ಚ್ಚಿಕೊಳ್ಳುತ್ತಿದ್ದೆ. ಹಗಲು ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ. ಅವರು ಜಪ ಮಾಡುತ್ತ ಬಾಗಿಲ ಬಳಿ ಕೂತಿರುತ್ತಿದ್ದರು. ಹಿಂದೆ ಒಂದು ಗಳಿಗೆ ಸುಮ್ಮನಿರದ ಆ ಕೈಗಳನ್ನು ಸೆರಗಿನೊಳಗೆ ಸುತ್ತಿ ಇಟ್ಟುಕೊಳ್ಳುತ್ತಿದ್ದರು. ನನಗೆ ಅಯ್ಯೋ ಎನ್ನಿಸಬೇಕಿತ್ತು, ಅನ್ನಿಸುತ್ತಲೂ ಇತ್ತು, ಅದರ ಜೊತೆಗೇ ಸಿಟ್ಟೂ ಬರುತ್ತಿತ್ತು. ನನ್ನ ಕೈಯ ಕೆಲಸ ಹೋಯಿತು, ಅವರ ಕೈಯನ್ನು ನಾನು ಸಮಾಧಾನ ಪಡಿಸಬೇಕೆ? ಇದನ್ನು ಯಾರಿಗೂ ಹೇಳುವಂತಿರಲಿಲ್ಲ.

ಚಳಿಗಾಲದಲ್ಲಿ ಮಗಳಿಗೆ ಜ್ವರ ಬಂತು. ಡಾಕ್ಟರು ಔಷಧ ಕೊಟ್ಟರು, ಎರಡು ದಿನ ಇಳಿಯಲಿಲ್ಲ. ನಾನು ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತಿದ್ದೆ. ನಡುವೆ ಕಣ್ಣು ತೆರೆದು ಅವಳು "ಅಜ್ಜೀ" ಎಂದು ಕರೆದಳು. ನಾನು ಇಲ್ಲೇ ಇದ್ದೀನಲ್ಲ ಎಂದೆ. ಅವಳು ಮತ್ತೆ ಅಜ್ಜಿಯನ್ನೇ ಕರೆದಳು.

ಅತ್ತೆ ಬಾಗಿಲಿಗೆ ಬಂದು ನಿಂತರು. ಒಳಗೆ ಬರಲಿಲ್ಲ.

"ಮುಟ್ಟಲೇನವ್ವಾ?" ಎಂದು ನನ್ನನ್ನು ಕೇಳಿದರು.

ಹಡೆದಾಗಿನಿಂದ ಆ ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕಿದ ಹೆಂಗಸು ಅದನ್ನು ಮುಟ್ಟಲು ನನ್ನ ಅಪ್ಪಣೆ ಕೇಳುತ್ತಿದ್ದರು. ಹೂಂ ಎನ್ನಲು ನಾನು ತಡ ಮಾಡಿದೆ. ಆ ತಡವನ್ನೇ ಉತ್ತರವೆಂದು ತಿಳಿದು ಅವರು ತಿರುಗಿ ಹೋದರು.

ನಾನು ಎದ್ದು ಹಿಂದೆ ಹೋದೆ. ಅಡುಗೆಮನೆಯಲ್ಲಿ ಕತ್ತಲಲ್ಲಿ ನಿಂತಿದ್ದರು. ಸೆರಗಿನೊಳಗಿಂದ ಅವರ ಬಲಗೈಯನ್ನು ಎಳೆದು ಹಿಡಿದುಕೊಂಡು, ಬರ್ರಿ ಅತ್ತಿ, ಬರ್ರಿ ಎಂದು ಕರೆತಂದು, ಮಗಳ ಹಣೆಯ ಮೇಲೆ ನಾನೇ ಇಟ್ಟೆ. ಮಗಳು ಕಣ್ಣು ಮುಚ್ಚಿದಳು. ಕೈ ನಾನು ಇಟ್ಟಲ್ಲೇ ಇತ್ತು. ಸವರಲಿಲ್ಲ, ಕೂದಲು ಹಿಂದಕ್ಕೆ ಸರಿಸಲಿಲ್ಲ. ನಾನು ಯಾವಾಗ ತೆಗೆಯಲು ಹೇಳುತ್ತೇನೋ ಎಂದು ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.